ಅಪ್ಪನ ಆಯಿಲ್ ವೆಲ್ಡಿಂಗ್ ಸೆಟ್ಟಿಗೆ ಡಯೋಡ್ ಕಟ್ಟಿದರೆ ಸ್ಟೇನ್‌ಲೆಸ್, ಅಲ್ಯೂಮಿನಿಯಂ ಎಲ್ಲಾ ಆಗುತ್ತಾ?

ಕೇಜ್‌ವೀಲ್ ಕಾರಟಗಿ

ನಮಸ್ಕಾರ. ಕಾರಟಗಿಯಲ್ಲಿ ನಮ್ಮದೊಂದು ಸಣ್ಣ ವೆಲ್ಡಿಂಗ್ ಶಾಪು. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ನಮ್ಮ ಅನ್ನ ಇರುವುದೇ ಟ್ರ್ಯಾಕ್ಟರ್ ಕೇಜ್ ವೀಲ್‌ನಲ್ಲಿ, ಅಂದರೆ ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರದಲ್ಲಿ. ಕಾಲುವೆಗೆ ನೀರು ಬಿಟ್ಟರು ಅಂದರೆ ಗದ್ದೆ ಕೆಸರು ಮಾಡಲು ಎಲ್ಲರಿಗೂ ಒಂದೇ ಸಲ ನೆನಪಾಗುತ್ತದೆ. ಪಟ್ಟಿ ಮುರಿದದ್ದು, ರಿಂಗ್ ಬಾಗಿದ್ದು, ಸಾಲಾಗಿ ಬಂದು ಅಂಗಡಿ ಮುಂದೆ ಬೀಳುತ್ತವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋದಾಗ ಒಂದು ವಾರ ಒಬ್ಬರೂ ಅಂಗಡಿ ಕಡೆ ತಲೆ ಹಾಕಲಿಲ್ಲ. ಅಷ್ಟು ನೀರನ್ನೇ ನಂಬಿದ ಕಸುಬು.

ವಿಷಯಕ್ಕೆ ಬರುತ್ತೇನೆ. ನಮ್ಮ ಮಿಷಿನ್ ಹಳೇ ಆಯಿಲ್ ಸೆಟ್ಟು, ಅಂದರೆ ಎಣ್ಣೆಯಲ್ಲಿ ಮುಳುಗಿಸಿದ ಟ್ರಾನ್ಸ್‌ಫಾರ್ಮರ್. ಎರಡು ಫೇಸಿನ ಮೇಲೆ ಓಡುತ್ತದೆ. ಪ್ಲೇಟಿನ ಮೇಲೆ 300 ಆಂಪಿಯರ್ ಅಂತಿದೆ. ಒಳಗೆ ತಾಮ್ರದ ವೈಂಡಿಂಗು. ಮೇಲೆ ಚಕ್ರ ತಿರುಗಿಸಿ ಆಂಪಿಯರ್ ಏರಿಸುವುದು, ಇಳಿಸುವುದು. ರಾಡು ಹಚ್ಚದೆ ಮೀಟರ್ ಇಟ್ಟರೆ 74 ವೋಲ್ಟ್ ಎಸಿ ತೋರಿಸುತ್ತದೆ. ಸಾಮಾನ್ಯ ಕಬ್ಬಿಣಕ್ಕೆ ಹಚ್ಚುವ 6013 ರಾಡು, ಅದು ಎಂಟು ನಂಬರ್ ಆಗಲಿ ಹತ್ತು ನಂಬರ್ ಆಗಲಿ, ಬೆಣ್ಣೆ ಹಾಗೆ ಓಡುತ್ತದೆ. ಅದರ ಬಗ್ಗೆ ಒಂದು ಮಾತೂ ಆಡುವಂತಿಲ್ಲ.

ತೊಂದರೆ ಮೂರು ಕಡೆ.

ಒಂದು, ಟ್ರಾಲಿಯ ಹುಕ್ಕಿಗೆ ಗಟ್ಟಿ ಕೆಲಸದ 7018 ರಾಡು ಹಚ್ಚಿದರೆ ಬೆಳಿಗ್ಗೆ ಚೆನ್ನಾಗಿ ಹಿಡಿಯುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರುವ ಹೊತ್ತಿಗೆ ಪಟ್ಟನೆ ಆರುತ್ತದೆ. ಮತ್ತೆ ಹಚ್ಚು, ಮತ್ತೆ ಆರು. ರಾಡಿನ ತುದಿ ಒಡೆದು ಒಡೆದು ಸಾಕಾಗುತ್ತದೆ.

ಎರಡು, ಒಂದು ರೈಸ್ ಮಿಲ್ಲಿನವರು ಧಾನ್ಯ ಜಾರುವ ಎಲಿವೇಟರ್ ಚೂಟಿಗೆ ತೇಪೆ ಹಾಕಿಕೊಡಿ ಅಂದರು. 304 ಸ್ಟೇನ್‌ಲೆಸ್, 1.6 ಮಿ.ಮೀ. ಶೀಟು. ಸಣ್ಣ 308ಎಲ್ ಅನ್ನುವ ಸ್ಟೇನ್‌ಲೆಸ್ ರಾಡು ತಂದೆ, 2.5 ಮಿ.ಮೀ. ಚಕ್ರ ಪೂರ್ತಿ ಇಳಿಸಿ ಹಚ್ಚಿದೆ. ಏಳು ತೂತು ಬಿತ್ತು. ತೇಪೆಗಿಂತ ತೇಪೆಯ ತೇಪೆ ದೊಡ್ಡದಾಯಿತು. ಮಿಲ್ಲಿನ ಮ್ಯಾನೇಜರ್ ಏನೂ ಬೈಯಲಿಲ್ಲ, ಸುಮ್ನೆ ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಮೂರು, ಅಲ್ಯೂಮಿನಿಯಂ. ಕೊಯ್ಲು ಮಿಷಿನ್ನಿನ ಕವರ್ ಒಡೆದಿದ್ದು ಬರುತ್ತದೆ. ಇಲ್ಲ ಅಂತ ವಾಪಸ್ ಕಳಿಸುತ್ತೇನೆ.

ಗೊತ್ತಿರುವ ಒಬ್ಬರು ಹೇಳಿದ್ದು ಹೀಗೆ: "ನಾಲ್ಕು ದೊಡ್ಡ ಡಯೋಡ್ ಹಾಕಿ ಡಿಸಿ ಮಾಡಿಬಿಡು. ಆಮೇಲೆ ಅದೇ ಮಿಷಿನ್ನಿಗೆ ಟಿಗ್ ಟಾರ್ಚ್ ಹಚ್ಚು, ಮಿಗ್ ಗನ್ ಹಚ್ಚು, ಸ್ಟೀಲು ಅಲ್ಯೂಮಿನಿಯಂ ಎಲ್ಲಾ ಆಗುತ್ತದೆ." (ಡಯೋಡ್ ಕರೆಂಟನ್ನು ಒಂದೇ ಕಡೆ ಬಿಡುತ್ತದೆ. ಟಿಗ್ ಅಂದರೆ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹಚ್ಚುವುದು, ಮಿಗ್ ಅಂದರೆ ಗನ್ನಿನಿಂದ ತಂತಿ ತಾನೇ ಬಂದು ಕರಗುವುದು.) ಕಟ್ಟಿಕೊಡಲು 9 ಸಾವಿರ ಕೇಳುತ್ತಿದ್ದಾರೆ. ಅಪ್ಪನಿಗೆ ಈ ಮಿಷಿನ್ ಬಿಚ್ಚುವುದು ಇಷ್ಟ ಇಲ್ಲ. ಬಿಚ್ಚಿದ್ದು ಕೆಟ್ಟರೆ ನನ್ನನ್ನೂ ಅದರ ಜೊತೆ ಗುಜರಿಗೆ ಹಾಕುತ್ತಾರೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಗಾಳಿಮಾತು

ಎಲೆಕ್ಟ್ರಾನಿಕ್ ಬೋರ್ಡಿನ ಇನ್ವರ್ಟರ್ ವೆಲ್ಡಿಂಗ್ ಮಿಷಿನ್ ತಗೊಳ್ಳಿ, ಮುಗೀತು. ಈ ಕಾಲದಲ್ಲಿ ಆಯಿಲ್ ಸೆಟ್ಟಿಗೆ ದುಡ್ಡು ಸುರಿಯುವವರೂ ಇದ್ದಾರಾ.

ಕೇಜ್‌ವೀಲ್ ಕಾರಟಗಿ

ತಗೊಳ್ಳಬಹುದು ಅಣ್ಣ. ನಮ್ಮ ಶಾಪು ಮಿಲ್ಲುಗಳ ಸಾಲಿನಲ್ಲಿದೆ. ಹೊಟ್ಟಿನ ಧೂಳು ಎಂದರೆ ಏನು ಅಂತ ಬಂದು ನೋಡಿ. ಪಕ್ಕದ ಅಂಗಡಿಯ ಇನ್ವರ್ಟರಿನ ಬೋರ್ಡು ಎರಡು ವರ್ಷದಲ್ಲಿ ಮೂರು ಸಲ ಹೋಗಿದೆ. ಅಪ್ಪನ ಸೆಟ್ಟಿಗೆ ಇಷ್ಟು ವರ್ಷದಲ್ಲಿ ಎಣ್ಣೆ ಬದಲಿಸಿದ್ದು ಬಿಟ್ಟರೆ ಏನೂ ಮಾಡಿಲ್ಲ.

ವೈಂಡಿಂಗ್ ರಾಯಚೂರು

ನಾನು ಮೋಟಾರು, ಟ್ರಾನ್ಸ್‌ಫಾರ್ಮರ್ ರಿವೈಂಡಿಂಗ್ ಮಾಡುವವನು. ಇಂಥ ಡಯೋಡ್ ಸೆಟ್ಟು ನಾಲ್ಕು ಕಟ್ಟಿದ್ದೇನೆ. ಮೂರು ಓಡುತ್ತಿವೆ. ಒಂದು ಸುಟ್ಟಿತು. ಸುಟ್ಟದ್ದರ ಕಥೆಯನ್ನೇ ಮೊದಲು ಹೇಳುತ್ತೇನೆ, ಅದರಲ್ಲೇ ಕಲಿಯುವುದು ಜಾಸ್ತಿ ಇದೆ.

ಅದು ನಾನು ಕಟ್ಟಿದ ಮೊದಲನೆಯದು. ಮಾನ್ವಿ ಕಡೆಯ ಗಿರಾಕಿ. ನಾಲ್ಕು ಸ್ಟಡ್ ಡಯೋಡ್, ಅಲ್ಯೂಮಿನಿಯಂ ಪಟ್ಟಿ, ಫ್ಯಾನ್ ಇಲ್ಲ. ನನ್ನ ಲೆಕ್ಕ ಏನಾಗಿತ್ತು ಅಂದರೆ, ಟ್ರಾನ್ಸ್‌ಫಾರ್ಮರೇ ಗಂಟೆಗಟ್ಟಲೆ ತಡೆಯುತ್ತದೆ, ಡಯೋಡಿಗೇನು ಅಂತ. ಇಲ್ಲೇ ತಪ್ಪಿದೆ. ಎಣ್ಣೆಯಲ್ಲಿ ಮುಳುಗಿದ ತಾಮ್ರ ಬಿಸಿಯಾಗಲು ಗಂಟೆ ಬೇಕು. ಡಯೋಡಿನ ಒಳಗಿನ ಸಿಲಿಕಾನ್ ಚೂರು ಉಗುರಿನಷ್ಟು ಇರುತ್ತದೆ. ಅದಕ್ಕೆ ಕ್ಷಣ ಸಾಕು. ಲೆಕ್ಕ ಹಾಕಿ ನೋಡಿ. ಕರೆಂಟು ಯಾವಾಗಲೂ ಎರಡು ಡಯೋಡ್ ದಾಟಿ ಹೋಗುತ್ತದೆ. ಒಂದೊಂದರಲ್ಲಿ ಒಂದು ವೋಲ್ಟಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಎರಡಕ್ಕೆ 2.2 ವೋಲ್ಟ್ ಅಂತಿಟ್ಟುಕೊಳ್ಳಿ. 150 ಆಂಪಿಯರಿಗೆ 330 ವ್ಯಾಟ್ ಬಿಸಿ. ಇಸ್ತ್ರಿ ಪೆಟ್ಟಿಗೆಯ ಮೂರನೇ ಒಂದು ಪಾಲು ಶಾಖ, ನಾಲ್ಕು ಬೋಲ್ಟಿನಷ್ಟು ಜಾಗದಲ್ಲಿ. ಅದು ಮೇ ತಿಂಗಳು. ನಮ್ಮ ರಾಯಚೂರಿನ ಮೇ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ವೆಲ್ಡಿಂಗ್ ಮಿಷಿನ್ನಿನ ಪ್ಲೇಟಿನ ಮೇಲಿರುವ ಆಂಪಿಯರ್ ಲೆಕ್ಕವೇ 40 ಡಿಗ್ರಿ ಹವೆಗೆ ಹಾಕಿದ್ದು. ನಮ್ಮಲ್ಲಿ ನೆರಳಿನಲ್ಲೇ ಅದನ್ನು ದಾಟುತ್ತದೆ. ಇಪ್ಪತ್ತೇ ನಿಮಿಷಕ್ಕೆ ಒಂದು ಡಯೋಡ್ ಶಾರ್ಟ್ ಆಯಿತು.

ಒಂದು ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರಿನ ಔಟ್‌ಪುಟ್ಟೇ ಅರ್ಧ ಸೈಕಲ್ ಶಾರ್ಟ್ ಆದ ಹಾಗೆ. ಗುಂಯ್ ಅನ್ನುತ್ತಿದ್ದ ಮಿಷಿನ್ ಎಮ್ಮೆ ಕೂಗಿದ ಹಾಗೆ ಕೂಗಿತು. ಡಯೋಡ್ ಓಪನ್ ಆದರೂ ಕೆಟ್ಟದ್ದೇ. ಕರೆಂಟು ಒಂದೇ ಕಡೆ ಎಳೆದು ಕಬ್ಬಿಣದ ಕೋರ್ ಅಯಸ್ಕಾಂತದಿಂದ ತುಂಬಿಕೊಳ್ಳುತ್ತದೆ, ಪ್ರೈಮರಿ ಜಾಸ್ತಿ ಎಳೆಯುತ್ತದೆ, ಎಣ್ಣೆ ಕಾಯುತ್ತದೆ. ಅದಕ್ಕೆ ಹೇಳುವುದು, ಸದ್ದು ಬದಲಾದ ತಕ್ಷಣ ಸ್ವಿಚ್ ಆಫ್ ಮಾಡಿ. ರಾಡು ಮುಗಿಸಿ ನೋಡೋಣ ಅನ್ನಬೇಡಿ.

ಈಗ ಕಟ್ಟುವ ಬಗೆ. 300 ಆಂಪಿಯರಿನ ಸ್ಟಡ್ ಡಯೋಡ್ ನಾಲ್ಕು, 600 ವೋಲ್ಟಿನವು. ನಿಮ್ಮ 74 ವೋಲ್ಟಿನ ತುದಿ 105ಕ್ಕೆ ಹೋಗುತ್ತದೆ. ಆದರೂ ಆರ್ಕ್ ಕಿತ್ತಾಗ ಏಳುವ ಝಟ್ಕೆಗೆ ಅಷ್ಟು ಜಾಗ ಬೇಕು. ಸ್ಟಡ್ಡಿನಲ್ಲಿ ಎರಡು ಜಾತಿ ಇವೆ. ಒಂದರಲ್ಲಿ ಬೋಲ್ಟಿನ ಕಡೆ ಪ್ಲಸ್ ಬರುತ್ತದೆ, ಇನ್ನೊಂದರಲ್ಲಿ ಮೈನಸ್. ಎರಡೆರಡು ತಗೊಂಡರೆ ಬಿಸಿ ಹೀರುವ ಎರಡು ಹೀಟ್‌ಸಿಂಕಿನಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಜಾತಿ ತಂದು ಒಂದೇ ಪಟ್ಟಿಗೆ ನಾಲ್ಕನ್ನೂ ಬಿಗಿದವರನ್ನು ನೋಡಿದ್ದೇನೆ. ಸ್ವಿಚ್ ಹಾಕಿದ ಕೂಡಲೇ ದೀಪಾವಳಿ. ಎರಡು ಹೀಟ್‌ಸಿಂಕೂ ಡಬ್ಬಿಗೆ ತಾಗದ ಹಾಗೆ ಕರೆಂಟು ಹರಿಯದ ಹೈಲಮ್ ಶೀಟಿನ ಮೇಲೆ ಕೂರಿಸಿ. ಫ್ಯಾನು ಕಡ್ಡಾಯ.

ಇದರ ಜೊತೆ ಚೋಕ್ ಬೇಕು, ಅಂದರೆ ಕಬ್ಬಿಣದ ಕೋರಿನ ಮೇಲೆ ಸುತ್ತಿದ ತಾಮ್ರದ ಕಾಯಿಲ್. ಚೋಕ್ ಇಲ್ಲದ ಡಿಸಿ ಹೆಸರಿಗೆ ಮಾತ್ರ ಡಿಸಿ. ಡಯೋಡು ಕೆಳಗಿನ ಅಲೆಯನ್ನು ಮೇಲೆ ಮಡಚುತ್ತದೆ ಅಷ್ಟೆ. ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದು ಹಾಗೆಯೇ ಉಳಿಯುತ್ತದೆ. ಅಲ್ಲೇ ಆರ್ಕ್ ಆರುವುದು. ಆ ತಗ್ಗು ತುಂಬುವುದು ಚೋಕ್. ನಾನು ಹಳೇ ಕೋರಿನ ಮೇಲೆ ದಪ್ಪ ತಾಮ್ರದಲ್ಲಿ 24 ಸುತ್ತು ಹಾಕಿ, ಕೋರಿನ ಮಧ್ಯೆ ಫೈಬರ್ ತುಂಡಿಟ್ಟು ಒಟ್ಟು 3 ಮಿ.ಮೀ. ಸಂದು ಬಿಟ್ಟಿದ್ದೇನೆ. ಸಂದು ಬಿಡದಿದ್ದರೆ ಡಿಸಿಗೆ ಕೋರು ತುಂಬಿಹೋಗಿ ಚೋಕ್ ಇದ್ದೂ ಇಲ್ಲದ ಹಾಗೆ. ನಿಮ್ಮ ಕೋರ್ ಬೇರೆ ಅಳತೆ ಆದರೆ ಸುತ್ತೂ ಬೇರೆ.

ಕೆಲವರು ಚೋಕ್ ಬದಲು ದೊಡ್ಡ ಕೆಪಾಸಿಟರ್ ಹಾಕುತ್ತಾರೆ. ಬೇಡ. ಅದು ತುದಿಯ ವೋಲ್ಟಿಗೆ ತುಂಬಿಕೊಂಡು 105 ವೋಲ್ಟ್ ಡಿಸಿ ಹಿಡಿದು ಕೂರುತ್ತದೆ. ಬೆವರಿದ ಕೈಯಲ್ಲಿ ರಾಡು ಬದಲಿಸುವಾಗ ಅದು ಏನು ಮಾಡುತ್ತದೆ ಅಂತ ನನಗೆ ಗೊತ್ತು. ಮೊಣಕೈವರೆಗೆ ಜೋಮು ಎರಡು ದಿನ ಇತ್ತು.

ಇನ್ನು 9 ಸಾವಿರ ಜಾಸ್ತಿನಾ ಕಮ್ಮಿನಾ ಅಂದರೆ, ಚೋಕ್ ಮತ್ತು ಫ್ಯಾನ್ ಸೇರಿದ್ದರೆ ಸರಿ. ನಾಲ್ಕು ಡಯೋಡ್ ಮಾತ್ರ ಆದರೆ ಜಾಸ್ತಿ. ಅಪ್ಪನಿಗೆ ಹೇಳಿ, ಮಿಷಿನ್ ಬಿಚ್ಚುವುದೇ ಬೇಡ. ಎಲ್ಲಾ ಹೊರಗೆ ಬೇರೆ ಡಬ್ಬಿಯಲ್ಲಿ ಕಟ್ಟಿ, ಎರಡು ಕೇಬಲಿನಲ್ಲಿ ಜೋಡಿಸಿದರೆ ಸಾಕು. ಬೇಡ ಅನಿಸಿದ ದಿನ ಕೇಬಲ್ ಕಿತ್ತರೆ ಹಳೇ ಎಸಿ ಮಿಷಿನ್ ಹಾಗೇ ಇರುತ್ತದೆ.

ಐಟಿಐ ಟೀಚರ್ ಕೊಪ್ಪಳ

ವೈಂಡಿಂಗ್ ಅಣ್ಣ ಹೇಳಿದ್ದು ಸರಿ. ಆದರೆ ಕಾರಟಗಿಯವರೇ, ನಿಮ್ಮ ಮೂರು ತೊಂದರೆಗೆ ಮೂರು ಬೇರೆ ಬೇರೆ ಕಾರಣ ಇದೆ. ಡಯೋಡು ಅದರಲ್ಲಿ ಒಂದಕ್ಕೆ ಮಾತ್ರ ಮದ್ದು.

ನಮ್ಮ ಹುಡುಗರಿಗೂ ಇದೇ ಗೊಂದಲ. ಮಿಷಿನ್ ಅಂದರೆ ಆಂಪಿಯರ್ ಅಂದುಕೊಂಡಿರುತ್ತಾರೆ. ಆಂಪಿಯರ್ ಒಂದೇ ಅಲ್ಲ. ಕರೆಂಟು ಎಸಿಯೋ ಡಿಸಿಯೋ, ಡಿಸಿ ಆದರೆ ರಾಡಿಗೆ ಪ್ಲಸ್ಸೋ ಮೈನಸ್ಸೋ, ಇದು ಬೇರೆ. ಆರ್ಕ್ ಉದ್ದ ಆದಾಗ ಗಿಡ್ಡ ಆದಾಗ ಮಿಷಿನ್ ಹೇಗೆ ನಡೆದುಕೊಳ್ಳುತ್ತದೆ, ಇದು ಇನ್ನೂ ಬೇರೆ. ಈ ಕೊನೆಯದನ್ನು ಡಯೋಡ್ ಹಾಕಿ ಬದಲಿಸಲು ಆಗುವುದಿಲ್ಲ.

ಮಿಗ್ ವಿಷಯ ಇಲ್ಲೇ ಮುಗಿಸುತ್ತೇನೆ. ನಿಮ್ಮ ಮಿಷಿನ್ ಆಂಪಿಯರ್ ಹಿಡಿದುಕೊಂಡು ವೋಲ್ಟ್ ಬಿಟ್ಟುಕೊಡುವ ಜಾತಿ. ಕೈ ಸ್ವಲ್ಪ ನಡುಗಿದರೂ ರಾಡು ಒಂದೇ ಸಮ ಉರಿಯಲಿ ಅಂತ ಹಾಗೆ ಮಾಡಿರುತ್ತಾರೆ. ಮಿಗ್‌ಗೆ ಉಲ್ಟಾ ಬೇಕು. ಊರಿನ ಓವರ್‌ಹೆಡ್ ಟ್ಯಾಂಕ್ ನೆನೆಸಿಕೊಳ್ಳಿ. ನಲ್ಲಿ ಎಷ್ಟು ತಿರುಗಿಸಿದರೂ ಒತ್ತಡ ಅಷ್ಟೇ, ನೀರು ಮಾತ್ರ ಜಾಸ್ತಿ ಕಮ್ಮಿ. ಮಿಗ್ ಮಿಷಿನ್ ಹಾಗೆ ವೋಲ್ಟ್ ಹಿಡಿದು ಆಂಪಿಯರ್ ಬಿಡುತ್ತದೆ. ತಂತಿ ಹತ್ತಿರ ಬಂದರೆ ಆಂಪಿಯರ್ ಏರಿ ಬೇಗ ಕರಗುತ್ತದೆ, ದೂರ ಹೋದರೆ ಇಳಿಯುತ್ತದೆ. ತಾನೇ ಸರಿ ಮಾಡಿಕೊಳ್ಳುತ್ತದೆ. ನಿಮ್ಮ ಸೆಟ್ಟಿಗೆ ಮಿಗ್ ಗನ್ ಹಚ್ಚಿದರೆ ತಂತಿ ಒಂದೋ ಚುಚ್ಚಿ ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ಉರಿದು ಟಿಪ್ಪಿಗೆ ಅಂಟುತ್ತದೆ.

ಮಿಷಿನ್ ಪರೀಕ್ಷೆಗೆ ಬಳಸುವ ಲೆಕ್ಕ ಒಂದಿದೆ, ಹುಡುಗರಿಗೆ ಬೋರ್ಡಿನ ಮೇಲೆ ಬರೆಯುತ್ತೇನೆ. ರಾಡಿಗೆ 20 ವೋಲ್ಟಿನ ಮೇಲೆ ಆಂಪಿಯರಿನ 0.04 ಪಾಲು. ಟಿಗ್‌ಗೆ 10ರ ಮೇಲೆ 0.04. ಮಿಗ್‌ಗೆ 14ರ ಮೇಲೆ 0.05. ಅಂದರೆ ಒಂದೇ 100 ಆಂಪಿಯರಿಗೆ ರಾಡು 24 ವೋಲ್ಟ್ ಕೇಳುತ್ತದೆ, ಟಿಗ್ 14, ಮಿಗ್ 19.

ಈಗ 7018. ನೀವೇ ಉತ್ತರ ಹೇಳಿಬಿಟ್ಟಿದ್ದೀರಿ, ಗಮನಿಸಿಲ್ಲ. ಪಂಪ್‌ಸೆಟ್ ಶುರುವಾದಾಗ ಲೈನ್ ವೋಲ್ಟೇಜ್ ನೋಡಿದ್ದೀರಾ? 415 ಇರಬೇಕಾದ್ದು 360 ಆಗಿದ್ದರೆ ನಿಮ್ಮ 74 ಅದೇ ಲೆಕ್ಕದಲ್ಲಿ 64ಕ್ಕೆ ಇಳಿಯುತ್ತದೆ. ಎಸಿಯಲ್ಲಿ 7018 ನಿಲ್ಲಬೇಕಾದರೆ ಸಾಮಾನ್ಯವಾಗಿ 70 ಆದರೂ ಬೇಕು. 6013ರ ಲೇಪದಲ್ಲಿ ಆರ್ಕ್ ಹಿಡಿಯುವ ಪದಾರ್ಥ ಚೆನ್ನಾಗಿರುವುದರಿಂದ ಅದು ತಡೆಯುತ್ತದೆ. 7018 ತಡೆಯುವುದಿಲ್ಲ. ಇಲ್ಲಿ ಡಯೋಡ್ ಮತ್ತು ಚೋಕ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ರಾಡಿಗೆ ಪ್ಲಸ್ ಕೊಡಿ.

ಸ್ಟೇನ್‌ಲೆಸ್ ತೂತಿಗೆ ಮಾತ್ರ ಡಯೋಡನ್ನು ನಂಬಬೇಡಿ. ರಾಡಿನ ಪ್ಯಾಕೆಟ್ ನೋಡಿ, 308ಎಲ್ ಆದಮೇಲೆ 16 ಇದೆಯೋ 15 ಇದೆಯೋ? 15 ಆದರೆ ಡಿಸಿ ಮಾತ್ರ. 16 ಆದರೆ ಎಸಿಯಲ್ಲೂ ಓಡುತ್ತದೆ, ಆಗ ತಪ್ಪು ಬೇರೆ ಕಡೆ ಇದೆ. ಸ್ಟೇನ್‌ಲೆಸ್ಸಿನಲ್ಲಿ ಶಾಖ ಬೇಗ ಹರಿದು ಹೋಗುವುದಿಲ್ಲ, ಎಂಎಸ್‌ನ, ಅಂದರೆ ಸಾಮಾನ್ಯ ಕಬ್ಬಿಣದ, ಮೂರನೇ ಒಂದು ಪಾಲು ಅಷ್ಟೆ. ಹಚ್ಚಿದ ಜಾಗದಲ್ಲೇ ಕೂರುತ್ತದೆ. ಹಿಗ್ಗುವುದು ಮಾತ್ರ ಒಂದೂವರೆ ಪಟ್ಟು. ಹಾಗಾಗಿ ತೂತೂ ಬೀಳುತ್ತದೆ, ಶೀಟೂ ಹಪ್ಪಳದ ಹಾಗೆ ಸೊಟ್ಟ ಆಗುತ್ತದೆ. ಒಂದು ಕ್ಲ್ಯಾಂಪ್ ಮೀಟರ್ ಎರವಲು ತಂದು ಚಕ್ರ ಪೂರ್ತಿ ಇಳಿಸಿದಾಗ ನಿಜವಾಗಿ ಎಷ್ಟು ಆಂಪಿಯರ್ ಬರುತ್ತದೆ ನೋಡಿ. ಹಳೇ ಮಿಷಿನ್ನಿನ ಸ್ಕೇಲು ಹಳೇ ಗಡಿಯಾರ ಇದ್ದ ಹಾಗೆ. ಡಿಸಿ ಮಾಡುವ ಮೊದಲೇ ಅಳೆಯಿರಿ, ಸಾಮಾನ್ಯ ಕ್ಲ್ಯಾಂಪ್ ಮೀಟರ್ ಡಿಸಿ ಆಂಪಿಯರ್ ತೋರಿಸುವುದಿಲ್ಲ.

ಅಲ್ಯೂಮಿನಿಯಂ ಬಗ್ಗೆ ಕೇಳಿದರೆ ನಗು ಬರುತ್ತದೆ, ಬೇಜಾರಾಗಬೇಡಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿ ದಾಟಬೇಕು. ಒಳಗೆ ನೀರಾದರೂ ಮೇಲೆ ಚರ್ಮ ಹಾಗೇ. ಟಿಗ್‌ನಲ್ಲಿ ಟಂಗ್‌ಸ್ಟನ್ ಪ್ಲಸ್ ಆದ ಅರ್ಧ ಸೈಕಲ್ ಆ ಪೊರೆ ಒಡೆಯುತ್ತದೆ, ಮೈನಸ್ ಆದ ಅರ್ಧ ಶಾಖ ಕೊಡುತ್ತದೆ. ಅದಕ್ಕೇ ಅಲ್ಯೂಮಿನಿಯಂ ಟಿಗ್‌ಗೆ ಎಸಿ. ನಿಮ್ಮ ಹತ್ತಿರ ಎಸಿ ಇದೆ, ಅದನ್ನು ಡಿಸಿ ಮಾಡಿ ಅಲ್ಯೂಮಿನಿಯಂ ಮಾಡಲು ಹೊರಟಿದ್ದೀರಿ! ಆದರೆ ಸುಮ್ನೆ ಟಾರ್ಚ್ ಹಚ್ಚಿದರೂ ಆಗದು. ಪ್ರತಿ ಸಲ ಸೊನ್ನೆ ದಾಟಿದಾಗ ಆರ್ಕನ್ನು ಮತ್ತೆ ಎಬ್ಬಿಸಲು ಹೈ ಫ್ರೀಕ್ವೆನ್ಸಿ ಯೂನಿಟ್ ಬೇಕು. ಆ ಯೂನಿಟ್ಟಿನ ಕಿಡಿ ಡಯೋಡಿಗೆ ತಾಗಿದರೆ ಡಯೋಡ್ ಸತ್ತಿತು. ಎರಡನ್ನೂ ಒಂದೇ ಲೈನಿಗೆ ಕಟ್ಟಬೇಡಿ.

ಇನ್ನೊಂದು. ರಾಡಿನಲ್ಲಿ ಪ್ಲಸ್ ಹಚ್ಚಿ ರೂಢಿಯಾದವರು ಟಿಗ್ ಟಾರ್ಚಿಗೂ ಪ್ಲಸ್ ಹಚ್ಚುತ್ತಾರೆ. ಟಂಗ್‌ಸ್ಟನ್ ಕ್ಯಾಂಡಲ್ ಹಾಗೆ ಕರಗಿ ಬೀಳುತ್ತದೆ. ಡಿಸಿ ಟಿಗ್‌ನಲ್ಲಿ ಟಾರ್ಚ್ ಮೈನಸ್. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬನಾದರೂ ಇದನ್ನು ಮಾಡಿಯೇ ಕಲಿಯುತ್ತಾನೆ.

ಸಂಡೂರು ಬಕೆಟ್

ಗಣಿ ಕಡೆ ಹದಿನೆಂಟು ವರ್ಷ ಬಕೆಟ್ ಹಲ್ಲು, ಕ್ರಷರ್ ಪ್ಲೇಟು ವೆಲ್ಡಿಂಗ್ ಹೊಡೆದವನು. ಎಲ್ಲರೂ ಮಿಷಿನ್ ಮಿಷಿನ್ ಅಂತಿದ್ದೀರಿ. ಯಾರೂ ಜಾಬಿಗೆ ಕಚ್ಚಿಸುವ ಅರ್ಥ್ ಕ್ಲಿಪ್ಪಿನ ಮಾತು ಎತ್ತಲಿಲ್ಲ. ತುಕ್ಕು ಹಿಡಿದ ಆಂಗ್ಲರ್ ತುಂಡು ಕೇಬಲಿಗೆ ಸುತ್ತಿ ಜಾಬಿನ ಮೇಲೆ ಒಗೆದಿರುತ್ತಾರೆ, ಆಮೇಲೆ ಆರ್ಕ್ ನಿಲ್ಲುತ್ತಿಲ್ಲ ಅಂತ ಡಯೋಡ್ ಹುಡುಕುತ್ತಾರೆ. ಮೊದಲು ಆ ಜಾಗ ಗ್ರೈಂಡ್ ಮಾಡಿ ಹೊಳೆಯುವ ಕಬ್ಬಿಣದ ಮೇಲೆ ಬಿಗಿಯಿರಿ. ಕೆಲಸ ಆದಮೇಲೆ ಕೇಬಲ್ ಮುಟ್ಟಿ ನೋಡಿ, ಬಿಸಿ ಇದ್ದ ಜಾಗದಲ್ಲೇ ನಿಮ್ಮ ವೋಲ್ಟ್ ಸಾಯುತ್ತಿದೆ.

7018 ರಾಡನ್ನು ಪ್ಯಾಕೆಟ್ ಒಡೆದು ಶೆಲ್ಫಿನ ಮೇಲೆ ಇಟ್ಟಿದ್ದೀರಾ? ನಾಟಿ ಟೈಮಿನ ಹವೆ ಕುಡಿದಿರುತ್ತದೆ. ಒವನ್‌ನಲ್ಲಿ 300 ಡಿಗ್ರಿಗೆ ಒಂದು ಗಂಟೆ ಒಣಗಿಸದೆ ಟ್ರಾಲಿ ಹುಕ್ಕಿಗೆ ಹಚ್ಚಬೇಡಿ. ನೋಡಲು ಚೆನ್ನಾಗೇ ಇರುತ್ತದೆ, ಒಳಗೆ ಕೂದಲೆಳೆ ಸೀಳು ಬಿಟ್ಟಿರುತ್ತದೆ. ಭತ್ತದ ಲೋಡು ಹೊತ್ತು ಸಿಂಧನೂರು ರೋಡಿನಲ್ಲಿ ಹುಕ್ಕು ಬಿಟ್ಟುಕೊಂಡರೆ ಯಾರ ತಲೆಗೆ?

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೀಡು ಕಬ್ಬಿಣ ಬಂದರೆ ನಿಕಲ್ ರಾಡಿನಲ್ಲಿ ಒಂದೊಂದು ಇಂಚು ಹಚ್ಚಿ, ಬಿಸಿ ಇರುವಾಗಲೇ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಆಮೇಲೆ ಹೊಟ್ಟಿನ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ನಿಮ್ಮಲ್ಲಿ ಮಿಲ್ಲಿನ ಬಾಯ್ಲರ್ ಬೂದಿ ಬೇಕಾದಷ್ಟು ಸಿಗುತ್ತದೆ, ನಮಗೆ ಸುಣ್ಣದ ಪುಡಿ ಕೊಳ್ಳಬೇಕು. ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕಿನ ಶಾಖ ಹೋಗದಿರಲಿ ಅಂತ ಮೇಲೆ ಹರಡುವುದೂ ಇದೇ ಭತ್ತದ ಹೊಟ್ಟಿನ ಬೂದಿ. ನೀವು ಅದನ್ನು ರೋಡಿಗೆ ಸುರಿಯುತ್ತೀರಿ.

ಕೇಜ್‌ವೀಲ್ ಕಾರಟಗಿ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಏನೇನಾಯಿತು ಹೇಳುತ್ತೇನೆ.

ಮೊದಲು ಅಳೆದೆ. ಟೀಚರ್ ಮೇಡಂ ಹೇಳಿದ ಹಾಗೆ ಮಧ್ಯಾಹ್ನ ಪಂಪ್‌ಸೆಟ್ ಹೊತ್ತಿಗೆ ಲೈನು 365ಕ್ಕೆ ಬಂದಿತ್ತು, ಮಿಷಿನ್ 65. ಇಷ್ಟು ವರ್ಷ ರಾಡಿನ ಕಂಪನಿಗೆ ಬೈದಿದ್ದೆ. ಪ್ಯಾಕೆಟ್ ಮೇಲೆ 308ಎಲ್-16 ಅಂತಲೇ ಇತ್ತು. ಎಸಿಯ ತಪ್ಪಲ್ಲ. ಚಕ್ರ ಪೂರ್ತಿ ಇಳಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ ಸ್ಕೇಲಿನಲ್ಲಿ 60, ಮೀಟರಿನಲ್ಲಿ 85! 1.6 ಶೀಟಿಗೆ 85 ಅಂದರೆ ತೂತು ಬೀಳದೆ ಇನ್ನೇನು. ಅರ್ಥ್ ಕ್ಲಿಪ್ಪಿನ ವಿಷಯದಲ್ಲಿ ಸಂಡೂರಿನವರಿಗೆ ಉತ್ತರ ಕೊಡುವುದಿಲ್ಲ. ಹೊಸದು ತಂದೆ ಅಂತ ಮಾತ್ರ ಹೇಳುತ್ತೇನೆ.

ಡಯೋಡ್ ಡಬ್ಬಿ ಬೇರೆಯಾಗಿಯೇ ಕಟ್ಟಿಸಿದೆ. ಗುಜರಿಯ ಟ್ರಾನ್ಸ್‌ಫಾರ್ಮರ್ ಕೋರಿನಲ್ಲಿ ಚೋಕ್, ಎರಡು ಫ್ಯಾನು, ಧೂಳಿಗೆ ಮುಂದೆ ಕೂಲರಿನ ಹಳೇ ಜಾಲರಿ. ಎಲ್ಲಾ ಸೇರಿ 9 ಸಾವಿರ ಅಲ್ಲ, 11 ಸಾವಿರ ದಾಟಿತು. ಮೊದಲ ಸಲ ಮೀಟರ್ ಇಟ್ಟಾಗ ಎದೆ ಧಸಕ್ ಅಂತು. ಬೆಳಿಗ್ಗೆ ಎಸಿಯಲ್ಲಿ 74 ಇದ್ದದ್ದು ಡಿಸಿಯಲ್ಲಿ 65 ತೋರಿಸಿತು. ಒಂಬತ್ತು ವೋಲ್ಟ್ ಎಲ್ಲಿ ಹೋಯಿತು ಅಂತ ಒಂದು ಗಂಟೆ ನಟ್ಟು ಬಿಗಿದೆ. ಆಮೇಲೆ ರಾಡು ಹಚ್ಚಿ ನೋಡಿದೆ. 7018 ಮಧ್ಯಾಹ್ನ ಎರಡು ಗಂಟೆಗೆ, ಪಂಪ್‌ಸೆಟ್ ಓಡುವಾಗ, ಕೊನೆಯವರೆಗೆ ಒಂದೇ ಸಮ ಹೋಯಿತು. ಅಪ್ಪ ಸ್ಲ್ಯಾಗ್ ಬಡಿದು ನೋಡಿ "ಹೂಂ" ಅಂದರು. ನಮ್ಮ ಮನೆಯಲ್ಲಿ ಇದು ದೊಡ್ಡ ಹೊಗಳಿಕೆ.

ಚೂಟಿಗೆ ಗಂಗಾವತಿಯ ಗೆಳೆಯನ ಸಣ್ಣ ಡಿಸಿ ಟಿಗ್ ಇನ್ವರ್ಟರ್ ಒಂದು ದಿನ ತಂದೆ. 1.6 ಟಂಗ್‌ಸ್ಟನ್, ಟಾರ್ಚ್ ಮೈನಸ್, 50 ಆಂಪಿಯರ್, ಹಿಂದೆ ತಾಮ್ರದ ಪಟ್ಟಿ. ನನ್ನ ಏಳು ತೂತು ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಿದೆ. ಬಿಲ್ಲು ಹಾಕಲಿಲ್ಲ. ಅಲ್ಯೂಮಿನಿಯಂ ಈಗಲೂ ವಾಪಸ್ಸೇ, ಹೊಸಪೇಟೆಯ ಒಂದು ಅಂಗಡಿಗೆ ಕಳಿಸುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಆ ಒಂಬತ್ತು ವೋಲ್ಟ್ ಏನು? ಇನ್ನೊಂದು ವಿಚಿತ್ರ. ಖುಷಿಯಲ್ಲಿ ಕೇಜ್ ವೀಲನ್ನೂ ಡಿಸಿಯಲ್ಲೇ ಶುರು ಮಾಡಿದೆ. ಪಟ್ಟಿ ರಿಂಗಿಗೆ ಸೇರುವ ಮೂಲೆಯಲ್ಲಿ ಆರ್ಕ್ ಯಾರೋ ಊದಿದ ಹಾಗೆ ಪಕ್ಕಕ್ಕೆ ಓಡುತ್ತದೆ. ಬಾಗಿಲು ಮುಚ್ಚಿದೆ, ಫ್ಯಾನು ನಿಲ್ಲಿಸಿದೆ. ಆದರೂ ಓಡುತ್ತದೆ. ಎಸಿಯಲ್ಲಿ ಒಂದು ದಿನವೂ ಹೀಗೆ ಆಗಿರಲಿಲ್ಲ.

ವೈಂಡಿಂಗ್ ರಾಯಚೂರು

ಒಂಬತ್ತು ವೋಲ್ಟ್ ಎಲ್ಲೂ ಹೋಗಿಲ್ಲ. ಮೀಟರ್ ಎಸಿಯನ್ನು ಒಂದು ಲೆಕ್ಕದಲ್ಲಿ ತೋರಿಸುತ್ತದೆ, ಮಡಚಿದ ಅಲೆಯನ್ನು ಡಿಸಿಯಲ್ಲಿ ಸರಾಸರಿ ತೋರಿಸುತ್ತದೆ. 74ರ 0.9 ಪಾಲು 66.6, ಡಯೋಡಿಗೆ ಒಂದೂವರೆ ಕಳೆಯಿರಿ. 65 ಬಂತಲ್ವಾ. 33ರ ಹತ್ತಿರ ತೋರಿಸಿದ್ದರೆ ಓಡಿ ಬಂದು ಸ್ವಿಚ್ ಆರಿಸಿ ಅಂತಿದ್ದೆ. 33 ಅಂದರೆ ಒಂದು ಡಯೋಡ್ ಓಪನ್ ಅಂತ ಅರ್ಥ.

ಸಂಡೂರು ಬಕೆಟ್

ಆರ್ಕ್ ಓಡುವುದು ಗಾಳಿಗಲ್ಲ, ಅಯಸ್ಕಾಂತಕ್ಕೆ. ಡಿಸಿ ಒಂದೇ ಕಡೆ ಹರಿಯುವಾಗ ಜಾಬಿನಲ್ಲಿ ಅಯಸ್ಕಾಂತದ ಸೆಳೆತ ಕಟ್ಟುತ್ತದೆ. ಮೂಲೆಯಲ್ಲಿ, ಪಟ್ಟಿಯ ತುದಿಯಲ್ಲಿ ಅದು ಒತ್ತಾಗಿ ಆರ್ಕನ್ನು ತಳ್ಳುತ್ತದೆ. ಬಕೆಟ್ ಮೂಲೆಯಲ್ಲಿ ನಮಗೂ ದಿನಾ ಇದೇ ಗೋಳು. ಅರ್ಥ್ ಕ್ಲಿಪ್ಪಿನ ಜಾಗ ಬದಲಿಸಿ, ಆರ್ಕ್ ಗಿಡ್ಡ ಹಿಡಿಯಿರಿ, ಆಂಪಿಯರ್ ಸ್ವಲ್ಪ ಇಳಿಸಿ. ಎಸಿ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವುದರಿಂದ ಈ ಕಾಟ ಅದರಲ್ಲಿ ಕಾಣುವುದೇ ಇಲ್ಲ ಅನ್ನಬಹುದು. ನಿಮ್ಮ ಕೈಯಲ್ಲಿ ಎರಡೂ ಇದೆ. ಕೇಜ್ ವೀಲಿಗೆ ಡಬ್ಬಿಯ ಕೇಬಲ್ ಕಿತ್ತು ಹಳೇ ಎಸಿಯಲ್ಲಿ 6013 ಹೊಡೆಯಿರಿ. ಹುಕ್ಕಿಗೆ ಮಾತ್ರ ಡಿಸಿ.

ಕೇಜ್‌ವೀಲ್ ಕಾರಟಗಿ

ನಾನು ಇದನ್ನು ಓದುವ ಮೊದಲೇ ಅಪ್ಪ ಕೇಬಲ್ ಕಿತ್ತು ಎಸಿಗೆ ಹಚ್ಚಿದ್ದರು. ಯಾಕೆ ಅಂತ ಕೇಳಿದರೆ "ಅದರಲ್ಲಿ ಓಡುತ್ತಿತ್ತು" ಅಂದರು ಅಷ್ಟೆ. ಇನ್ನೂ ನಾಲ್ಕು ಜೋಡಿ ವೀಲು ಬಾಗಿಲಲ್ಲಿ ಬಿದ್ದಿವೆ, ಹೊರಟೆ. ವೈಂಡಿಂಗ್ ಅಣ್ಣ, ಫ್ಯಾನು ಗಾಳಿಯನ್ನು ಡಬ್ಬಿಯ ಒಳಗೆ ತಳ್ಳಬೇಕಾ, ಹೊರಗೆ ಎಳೆಯಬೇಕಾ? ಒಳಗೆ ತಳ್ಳಿದರೆ ಜಾಲರಿ ದಿನಕ್ಕೆರಡು ಸಲ ಹೊಟ್ಟಿನಿಂದ ಮುಚ್ಚಿಕೊಳ್ಳುತ್ತಿದೆ.

ವೈಂಡಿಂಗ್ ರಾಯಚೂರು

ಒಳಗೇ ತಳ್ಳಲಿ. ಹೊರಗೆ ಎಳೆದರೆ ಡಬ್ಬಿಯ ಸಂದಿಗೊಂದಿಯಿಂದೆಲ್ಲ ಧೂಳು ಒಳಗೆ ಬರುತ್ತದೆ, ಸೋಸಲು ಆಗುವುದಿಲ್ಲ. ಜಾಲರಿ ಇನ್ನೂ ದೊಡ್ಡದು ಹಾಕಿ, ಬೆಳಿಗ್ಗೆ ಒಂದು ಸಲ ಮಧ್ಯಾಹ್ನ ಒಂದು ಸಲ ಝಾಡಿಸಿ. ಹೀಟ್‌ಸಿಂಕಿಗೆ ತಿಂಗಳಿಗೊಮ್ಮೆ ಕಂಪ್ರೆಸರ್ ಗಾಳಿ ಹೊಡೆಯಿರಿ, ಸ್ವಿಚ್ ಆಫ್ ಮಾಡಿ.